ಬಾಗಿಲ ಹತ್ತಿರ ನೆನಪಾಗುವ ಮಾತು

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ಹೋದೆ. ಅರ್ಧಕ್ಕಿಂತ ಜಾಸ್ತಿ ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು. ಮ್ಯಾನೇಜರ್ ಮತ್ತು ತಂಡದವರು ಇಬ್ಬರೇ ಕೂತು ಮಾತಾಡುವ ಒನ್ ಟು ಒನ್ ಮೀಟಿಂಗ್. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು 22 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದವಳು. ಅದರಲ್ಲಿ 13 ವರ್ಷ ತಂಡ ನಡೆಸಿದ್ದೇನೆ. ಇಲ್ಲಿ ಬರೆಯುವುದೆಲ್ಲ ಆ ಮೇಜಿನ ಎರಡೂ ಕಡೆ ಕೂತು ಕಲಿತದ್ದು.

ಪ್ರಶ್ನೆ: ಮೇಡಂ, ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಎರಡು ವಾರಕ್ಕೊಮ್ಮೆ ಮ್ಯಾನೇಜರ್ ಜೊತೆ 30 ನಿಮಿಷದ ಒನ್ ಟು ಒನ್ ಇರುತ್ತದೆ. ಒಳಗೆ ಹೋಗುವ ತನಕ ತಲೆ ತುಂಬಾ ವಿಷಯ. ಕೂತ ತಕ್ಷಣ ಎಲ್ಲ ಖಾಲಿ. "ಏನು ನಡೀತಿದೆ?" ಅಂತ ಅವರು ಕೇಳುತ್ತಾರೆ. ನಾನು ಮಾಡಿದ ಕೆಲಸಗಳ ಪಟ್ಟಿ ಒಪ್ಪಿಸುತ್ತೇನೆ. 20 ನಿಮಿಷಕ್ಕೆ ಮುಗಿದುಹೋಗುತ್ತದೆ. ಇದಕ್ಕೆ ತಯಾರಾಗುವುದು ಹೇಗೆ? ಅಂದಹಾಗೆ, ಆರು ತಿಂಗಳಿಂದ ಹಳೆಯ ರಿಪೋರ್ಟ್‌ಗಳನ್ನು ತಿದ್ದುವ ಕೆಲಸವೊಂದೇ ನನಗೆ ಬರುತ್ತಿದೆ. ಬೇರೆ ಏನಾದರೂ ಕಲಿಯಬೇಕು ಅನಿಸುತ್ತಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಜವಾದ ವಿಷಯ ಎಲ್ಲಿದೆ ನೋಡಿ. ಕೊನೆಯಲ್ಲಿ, "ಅಂದಹಾಗೆ" ಎಂಬ ಪದದ ಹಿಂದೆ ಅಡಗಿ ಕೂತಿದೆ. ಮೀಟಿಂಗ್‌ನಲ್ಲೂ ಹೀಗೇ ಆಗುತ್ತಿರಬೇಕು, ಅಲ್ವಾ?

ಇದು ನಿಮ್ಮೊಬ್ಬರ ಕತೆಯಲ್ಲ. ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ರೋಗಿ ನೆಗಡಿ, ಕೆಮ್ಮು ಅಂತ ಹತ್ತು ನಿಮಿಷ ಹೇಳುತ್ತಾರೆ. ಎದ್ದು ಹೊರಟು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟಾಗ, "ಇನ್ನೊಂದು ವಿಷಯ, ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ" ಅನ್ನುತ್ತಾರೆ. ಬಂದದ್ದೇ ಅದಕ್ಕೆ. ನಾನು ಇದನ್ನು ಬಾಗಿಲ ಮಾತು ಅನ್ನುತ್ತೇನೆ. ಒನ್ ಟು ಒನ್‌ಗೆ ತಯಾರಾಗುವುದು ಅಂದರೆ ನಿಮ್ಮ ಬಾಗಿಲ ಮಾತು ಯಾವುದು ಅಂತ ಹಿಂದಿನ ದಿನವೇ ಕಂಡುಕೊಂಡು, ಅದನ್ನು ಮೊದಲ ಐದು ನಿಮಿಷಕ್ಕೆ ತಂದಿಡುವುದು. ಉಳಿದದ್ದೆಲ್ಲ ಇದಕ್ಕೆ ಸಹಾಯ ಮಾಡುವ ಕೆಲಸ.

ಆದರೆ ಹಿಂದಿನ ದಿನ ಕೂತು ಯೋಚಿಸಿದರೆ ಎರಡು ವಾರದ್ದು ನೆನಪಿಗೆ ಬರುವುದಿಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಮರೆವನ್ನು ತಮ್ಮ ಮೇಲೆಯೇ ಅಳೆದು 1885ರಲ್ಲಿ ಪ್ರಕಟಿಸಿದರು. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ನೋಡಿದರೆ, ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ನಮ್ಮ ಕೆಲಸಕ್ಕೆ ಅರ್ಥ ಇರುತ್ತದೆ, ಅಷ್ಟು ಬೇಗ ಅಳಿಸಿಹೋಗುವುದಿಲ್ಲ. ಆದರೂ ಹೋದ ವಾರದ ಮಂಗಳವಾರ ನಿಮಗೆ ಯಾಕೆ ಬೇಜಾರಾಗಿತ್ತು ಅಂತ ಈಗ ಹೇಳಿ ನೋಡೋಣ. ಬೇಜಾರು ನೆನಪಿರುತ್ತದೆ, ಕಾರಣ ಇರುವುದಿಲ್ಲ.

ಹಾಗಾಗಿ ಆಗಿಂದಾಗ್ಗೆ ಬರೆದಿಡಿ. ನಾನು ಗೆರೆ ಹಾಕಿದ ಸಾದಾ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ ಬಿಡಿಸುತ್ತಿದ್ದೆ. ಮಡಿಕೆಯ ಎಡಗಡೆ ನಾನು ಹೇಳಬೇಕಾದದ್ದು, ಬಲಗಡೆ ಅವರು ಹೇಳಿದ್ದು. ಎಡಗಡೆಗೆ ದಿನ ಬರೆದು ನಾಲ್ಕೈದು ಪದ, ಅಷ್ಟೇ. ನನ್ನ ಹಳೆಯ ಒಂದು ಪುಟದಲ್ಲಿ ಹೀಗಿದೆ (ಬಿಲ್ಡ್ ಅಂದರೆ ಬರೆದ ಕೋಡನ್ನೆಲ್ಲ ಜೋಡಿಸಿ ಪ್ರೋಗ್ರಾಂ ತಯಾರಿಸುವುದು): "ಮಂಗಳವಾರ. ಬಿಲ್ಡ್ 3 ಸಲ ಬಿತ್ತು. 2 ಗಂಟೆ ಸುಮ್ನೆ ಕೂತೆ." "ಗುರುವಾರ. ಹೊಸಬರಿಗೆ ಟೆಸ್ಟ್ ಬರೆಯೋದು ಹೇಳಿಕೊಟ್ಟೆ. ಖುಷಿ." "ಶುಕ್ರವಾರ. ರಿಲೀಸ್ ತಾರೀಖು ಬದಲಾದದ್ದು ನನಗೆ ಕೊನೆಗೆ ಗೊತ್ತಾಯ್ತು. ಮತ್ತೆ." ಆ "ಮತ್ತೆ" ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಸಲದ ಬಾಗಿಲ ಮಾತು ಅದೇ ಆಗಿತ್ತು. ಫೋನಿನಲ್ಲಿ ಬರೆದರೂ ನಡೆಯುತ್ತದೆ. ಒಂದೇ ಜಾಗದಲ್ಲಿ ಇರಬೇಕು, ಅದೊಂದೇ ಷರತ್ತು.

ಹಿಂದಿನ ದಿನ 15 ನಿಮಿಷ ಬಿಡುವು ಮಾಡಿಕೊಂಡು ಆ ಪುಟವನ್ನು ಓದಿ. ಮೂರು ವಿಷಯ ಆರಿಸಿ. ಮೂರರಲ್ಲಿ ಯಾವುದನ್ನು ಹೇಳೋಕೆ ಹಿಂಜರಿಕೆ ಜಾಸ್ತಿಯೋ ಅದರ ಪಕ್ಕ ಗುರುತು ಹಾಕಿ. ಅದೇ ಮೊದಲು. ಈಗ ಆ ವಿಷಯದ ಮೊದಲ ವಾಕ್ಯವನ್ನು ಪೂರ್ತಿ ಬರೆಯಿರಿ. ಬರೆದದ್ದನ್ನು ಒಂದು ಸಲ ಬಾಯಿಬಿಟ್ಟು ಓದಿ. ಇದು ನಾಟಕ ಅನಿಸಬಹುದು, ಆದರೂ ಬಿಡಬೇಡಿ. ಮನಸ್ಸಿನಲ್ಲಿ ಸರಾಗವಾಗಿದ್ದ ಮಾತು ಬಾಯಿಗೆ ಬರುವಾಗ ತಡವರಿಸುತ್ತದೆ. ತಡವರಿಸಿದಾಗ ನಾವು ಸುಲಭದ ವಿಷಯಕ್ಕೆ ಜಾರುತ್ತೇವೆ. ಮೊದಲ ವಾಕ್ಯ ದಾಟಿದರೆ ಮುಂದಿನದು ತಾನಾಗಿ ಬರುತ್ತದೆ.

ನಿಮ್ಮದು ಹೀಗಿರಬಹುದು: "ಆರು ತಿಂಗಳಿಂದ ನನಗೆ ರಿಪೋರ್ಟ್ ತಿದ್ದುವ ಕೆಲಸ ಮಾತ್ರ ಬರುತ್ತಿದೆ, ಹೊಸ ರಿಪೋರ್ಟ್ ಒಂದನ್ನು ಮೊದಲಿಂದ ಕೊನೆವರೆಗೆ ನಾನೇ ಮಾಡಬೇಕು ಅಂತ ಆಸೆ ಇದೆ, ಮುಂದಿನ ಎರಡು ತಿಂಗಳಲ್ಲಿ ಅಂಥದ್ದೊಂದು ಸಿಗಬಹುದಾ?" ಇದರಲ್ಲಿ ದೂರು ಇಲ್ಲ. ಏನು ಬೇಕು, ಯಾವಾಗ ಬೇಕು ಎರಡೂ ಇದೆ. ಬರೀ "ಬೇರೆ ಏನಾದರೂ ಕಲಿಯಬೇಕು" ಅಂದರೆ ಮ್ಯಾನೇಜರ್ ಒಂದು ಆನ್‌ಲೈನ್ ಕೋರ್ಸಿನ ಲಿಂಕ್ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಅವರ ತಪ್ಪೂ ಅಲ್ಲ. ನೀವು ಕೇಳಿದ್ದು ಅಷ್ಟೇ.

ಇನ್ನು ಮಾಡಿದ ಕೆಲಸಗಳ ಪಟ್ಟಿ. ಅದನ್ನು ಐದು ಸಾಲಿನಲ್ಲಿ ಬರೆದು ಹಿಂದಿನ ದಿನವೇ ಕಳಿಸಿಬಿಡಿ. ಕೆಳಗೆ ನಿಮ್ಮ ಮೂರು ವಿಷಯಗಳನ್ನೂ ಹಾಕಿ. ಅವರು ಓದುತ್ತಾರೋ ಇಲ್ಲವೋ ಅನ್ನುವ ಯೋಚನೆ ಬೇಡ. ಮೀಟಿಂಗ್‌ನಲ್ಲಿ "ಏನು ನಡೀತಿದೆ?" ಅಂತ ಕೇಳಿದಾಗ, "ಸ್ಟೇಟಸ್ ಕಳಿಸಿದ್ದೇನೆ, ಅದರಲ್ಲಿ ಪ್ರಶ್ನೆ ಇದ್ದರೆ ಕೇಳಿ, ಇಲ್ಲದಿದ್ದರೆ ನನಗೆ ಒಂದು ವಿಷಯ ಮಾತಾಡಬೇಕು" ಅನ್ನುವ ಹಕ್ಕು ನಿಮಗೆ ಬರುತ್ತದೆ.

ಹಕ್ಕು ಎಂಬ ಪದವನ್ನು ಯೋಚಿಸಿಯೇ ಬರೆದೆ. ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ 1983ರಲ್ಲೇ ಈ ಮೀಟಿಂಗ್ ಬಗ್ಗೆ ವಿವರವಾಗಿ ಬರೆದಿದ್ದರು. ಅವರ ಪ್ರಕಾರ ಇದು ಮ್ಯಾನೇಜರ್‌ನ ಮೀಟಿಂಗ್ ಅಲ್ಲ, ಕೈಕೆಳಗೆ ಕೆಲಸ ಮಾಡುವವರದು. ಏನು ಮಾತಾಡಬೇಕು ಅಂತ ಅವರೇ ತೀರ್ಮಾನಿಸಬೇಕು. ಕಾರಣವೂ ಸರಳ. ಎಂಟು ಜನರ ಮ್ಯಾನೇಜರ್ ಎಂಟು ಸಲ ತಯಾರಾಗಬೇಕು, ತಂಡದವರು ಒಂದೇ ಸಲ. ಇನ್ನೊಂದು ಮಾತನ್ನೂ ಅವರು ಹೇಳಿದ್ದರು: ಸಮಯ ಒಂದು ಗಂಟೆಗಿಂತ ಕಡಿಮೆ ಇದ್ದರೆ ಜನ ಬೇಗ ಮುಗಿಯುವ ಸಣ್ಣ ವಿಷಯಗಳನ್ನೇ ಎತ್ತುತ್ತಾರೆ. ನಿಮಗೆ ಸಿಗುವುದು ಅದರ ಅರ್ಧ. ಅಷ್ಟರಲ್ಲೂ 10 ನಿಮಿಷ ಬಿಟ್ಟು ಬರುತ್ತಿದ್ದೀರಿ. ಈ ಸಲ ಬಿಡಬೇಡಿ.

ಕೊನೆಯ ಮೂರು ನಿಮಿಷ ಇರುವಾಗ ಯಾರು ಏನು ಮಾಡಬೇಕು, ಯಾವತ್ತಿನೊಳಗೆ ಅಂತ ಬಾಯಿಬಿಟ್ಟು ಹೇಳಿ. ಮಡಿಕೆಯ ಬಲಗಡೆ ಬರೆದುಕೊಳ್ಳಿ.

ಪ್ರಶ್ನೆ: ಅಕ್ಕಾ, ನಾಲ್ಕು ತಿಂಗಳ ಹಿಂದೆ ಟೀಮ್ ಲೀಡ್ ಆದೆ. 8 ಜನರ ತಂಡ. ಎಲ್ಲರ ಜೊತೆಯೂ ಒನ್ ಟು ಒನ್ ಮಾಡುತ್ತೇನೆ. ಒಬ್ಬ ಹುಡುಗ ಮಾತ್ರ ಬಾಯಿಯೇ ಬಿಡುವುದಿಲ್ಲ. ಏನು ಕೇಳಿದರೂ "ಎಲ್ಲ ಚೆನ್ನಾಗಿದೆ" ಅನ್ನುತ್ತಾನೆ. ಆ ಮೌನ ತಡೆಯಲಾಗದೆ ನಾನೇ ಮಾತಾಡುತ್ತಾ ಹೋಗುತ್ತೇನೆ. ಅವನಿಗೆ ನಿಜವಾಗಿ ಏನೂ ಹೇಳಲಿಕ್ಕೆ ಇಲ್ಲವಾ, ಅಥವಾ ನಾನೇ ಎಲ್ಲೋ ತಪ್ಪುತ್ತಿದ್ದೇನಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ನೋಟ್‌ಬುಕ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ನನ್ನ ತಂಡದಲ್ಲೂ ಇಂಥ ಒಬ್ಬ ಹುಡುಗನಿದ್ದ.

ಕೆಲಸದಲ್ಲಿ ತುಂಬಾ ಚುರುಕು. ಬೇರೆಯವರ ಕಣ್ಣಿಗೆ ಬೀಳದ ಬಗ್ ಅವನಿಗೆ ಕಾಣುತ್ತಿತ್ತು. ಒನ್ ಟು ಒನ್‌ನಲ್ಲಿ ಮಾತ್ರ "ಪರವಾಗಿಲ್ಲ ಮೇಡಂ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಒಳ್ಳೆಯದೇ ಆಯಿತು, ತಕರಾರಿಲ್ಲದವನು ಅಂದುಕೊಂಡಿದ್ದೆ. ಒಂದು ದಿನ ಎದ್ದು ಹೊರಟವನು ಬಾಗಿಲ ಹತ್ತಿರ ತಿರುಗಿ, "ಸ್ವಲ್ಪ ಸುಸ್ತಾಗಿದೆ, ಅಷ್ಟೇ" ಅಂದ. ನನ್ನ ಕಣ್ಣು ಲ್ಯಾಪ್‌ಟಾಪ್ ಮೇಲಿತ್ತು. "ಈ ರಿಲೀಸ್ ಒಂದು ಮುಗೀಲಿ, ಆರಾಮಾಗಿ ರಜೆ ತಗೋ" ಅಂದೆ. ಐದು ವಾರದ ಮೇಲೆ ರಾಜೀನಾಮೆ ಕೊಟ್ಟ. ಆಗ ಅವನ ಹೆಸರಿನ ಪುಟಗಳನ್ನು ತೆಗೆದು ನೋಡಿದೆ. ಏಳು ಮೀಟಿಂಗ್, ಏಳು ಪುಟ. ಏಳರಲ್ಲೂ ಎಡಗಡೆ, ನಾನು ಹೇಳಬೇಕಾದ ಕಡೆ, ಒತ್ತೊತ್ತಾಗಿ ಬರೆದಿದ್ದೆ. ಈ ಟೆಸ್ಟ್ ಮುಗಿಸು, ಆ ಫೈಲ್ ಕಳಿಸು. ಬಲಗಡೆ ಖಾಲಿ. ಏಳು ಪುಟದ ಖಾಲಿ ಅರ್ಧಗಳು ಒಂದರ ಮೇಲೊಂದು. ಅವನು ಹೇಳಿದ್ದು ಏನೂ ಇರಲಿಲ್ಲವೋ, ನಾನು ಬರೆದುಕೊಳ್ಳಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ನೋವು ಹೋಗಿಲ್ಲ.

ಆಮೇಲೆ ನಾನು ಬದಲಾಯಿಸಿಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದು ಪ್ರಶ್ನೆ. "ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದರೆ "ಇಲ್ಲ" ಅನ್ನುವುದು ಎಲ್ಲರಿಗೂ ಸುಲಭ. ಇದೆ ಅಂದರೆ ತಾನೇ ತೊಂದರೆಯವನಾಗಿಬಿಡುತ್ತೇನೇನೋ ಎಂಬ ಭಯವೂ ಇರುತ್ತದೆ. ಕೇಳುವ ಪ್ರಶ್ನೆ ಅವನ ಕೆಲಸದೊಳಗಿಂದ ಬರಬೇಕು. ಅದಕ್ಕೇ ಮ್ಯಾನೇಜರ್‌ಗೂ ತಯಾರಿ ಬೇಕು ಅನ್ನುವುದು. ಹಿಂದಿನ ದಿನ 10 ನಿಮಿಷ ಅವನ ಎರಡು ವಾರದ ಟಿಕೆಟ್‌ಗಳನ್ನು, ಅಂದರೆ ಒಂದೊಂದು ಕೆಲಸಕ್ಕೂ ಕಂಪ್ಯೂಟರಿನಲ್ಲಿ ಇಡುವ ದಾಖಲೆಗಳನ್ನು, ತೆರೆದು ನೋಡಿ. ಯಾವುದು ಎರಡು ಸಲ ವಾಪಸ್ ಬಂದಿದೆ? ಯಾವುದಕ್ಕೆ ರಾತ್ರಿ 11ಕ್ಕೆ ಕಮೆಂಟ್ ಹಾಕಿದ್ದಾನೆ? ಆಗ ಪ್ರಶ್ನೆ ತಾನಾಗಿ ಹುಟ್ಟುತ್ತದೆ: "ಆ ಪೇಮೆಂಟ್ ಟಿಕೆಟ್ ಎರಡು ಸಲ ವಾಪಸ್ ಬಂತಲ್ಲ, ಏನಾಗುತ್ತಿದೆ ಅಲ್ಲಿ?" ಇದಕ್ಕೆ "ಎಲ್ಲ ಚೆನ್ನಾಗಿದೆ" ಅಂತ ಉತ್ತರ ಕೊಡಲು ಆಗುವುದಿಲ್ಲ. ತನ್ನ ಕೆಲಸವನ್ನು ಯಾರೋ ಗಮನಿಸಿ ನೋಡಿದ್ದಾರೆ ಅನ್ನುವುದೂ ಅವನಿಗೆ ತಿಳಿಯುತ್ತದೆ. ಎಷ್ಟೋ ಸಲ ಬಾಯಿ ತೆರೆಸುವುದು ಅದೇ.

ಎರಡನೆಯದು ಮೌನ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು. ಆಮೇಲೆ ತಾವೇ ಮಾತು ಮುಂದುವರಿಸುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಬಾಯಿ ಬಿಡದ ಮಕ್ಕಳೂ ಮಾತಾಡತೊಡಗಿದರು. ತರಗತಿಯೇ ಬೇರೆ, ನಿಮ್ಮ ಕೋಣೆಯೇ ಬೇರೆ, ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ನೋಡಿ. ಎಷ್ಟು ಉದ್ದ ಅನಿಸುತ್ತದೆ! ನನಗೆ ಮೊದಮೊದಲು ಅಂಗೈ ಬೆವರುತ್ತಿತ್ತು. ಪೆನ್ನಿನ ಮುಚ್ಚಳವನ್ನು ಮೇಜಿನ ಕೆಳಗೆ ತಿರುಗಿಸುತ್ತಾ ಎಣಿಸುತ್ತಿದ್ದೆ. ನಾಲ್ಕಕ್ಕೋ ಐದಕ್ಕೋ ಎದುರಿನವರು ಉಸಿರೆಳೆದುಕೊಳ್ಳುತ್ತಾರೆ. ಆಮೇಲೆ ಬರುವುದು ನಿಜವಾದ ಮಾತು. ಅಷ್ಟು ವರ್ಷ ಆ ಉಸಿರಿಗೆ ಮುಂಚೆಯೇ ನಾನು ಮಾತಾಡಿಬಿಡುತ್ತಿದ್ದೆ.

ಕೆಲವರಿಗೆ ಕೇಳಿದ ತಕ್ಷಣ ಹೇಳೋಕೆ ಬರುವುದಿಲ್ಲ, ಬರೆಯೋಕೆ ಬರುತ್ತದೆ. ಅವನಿಗೆ ಹಿಂದಿನ ದಿನವೇ ಒಂದು ಪ್ರಶ್ನೆ ಕಳಿಸಿ. ಒಂದೇ ಒಂದು. ಎದುರುಬದುರು ಕೂರುವುದು ಕಷ್ಟವಾದರೆ ಇಬ್ಬರೂ ನಡೆಯುತ್ತಾ ಮಾತಾಡಿ. ಕಣ್ಣಿಗೆ ಕಣ್ಣು ಕೊಡಬೇಕಿಲ್ಲದಾಗ ಮಾತು ಸಲೀಸು.

ಅವನು ಬಾಯಿ ಬಿಟ್ಟ ದಿನ ನೀವು ಏನು ಮಾಡುತ್ತೀರಿ ಅನ್ನುವುದು ಎಲ್ಲಕ್ಕಿಂತ ದೊಡ್ಡದು. ಪರಿಹಾರ ಹೇಳಲು ಆತುರಪಡಬೇಡಿ. "ಇನ್ನೂ ಹೇಳು" ಅನ್ನಿ. "ನಿನಗೆ ಇದರಲ್ಲಿ ನನ್ನಿಂದ ಏನಾಗಬೇಕು? ಬರೀ ಕೇಳಿಸಿಕೊಳ್ಳಲಾ, ಯಾರ ಹತ್ತಿರವಾದರೂ ಮಾತಾಡಲಾ?" ಅಂತ ಕೇಳಿ. ಮಾಡುತ್ತೇನೆ ಅಂದದ್ದನ್ನು ಮಾಡಿ, ಮುಂದಿನ ಸಲ ಅದನ್ನೇ ಮೊದಲು ಎತ್ತಿ. ಒಂದು ಸಲ ಮಾತು ತಪ್ಪಿದರೆ "ಎಲ್ಲ ಚೆನ್ನಾಗಿದೆ" ವಾಪಸ್ ಬರುತ್ತದೆ. ಆಮೇಲೆ ಅದನ್ನು ತೆಗೆಯುವುದು ತುಂಬಾ ಕಷ್ಟ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಂಟು ಜನ, ಎರಡು ವಾರಕ್ಕೆ ತಲಾ 30 ನಿಮಿಷ ಅಂದರೆ 4 ಗಂಟೆ. ತಯಾರಿಗೆ ತಲಾ 10 ನಿಮಿಷ ಅಂದರೆ ಇನ್ನೂ 80 ನಿಮಿಷ. ಎಂಟನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಬೇಡಿ. ಐದನೆಯವರ ಹೊತ್ತಿಗೆ ಕಿವಿ ಇರುತ್ತದೆ, ಗಮನ ಇರುವುದಿಲ್ಲ. ದಿನಕ್ಕೆ ಎರಡು ಸಾಕು. ಮಧ್ಯೆ 15 ನಿಮಿಷ ಖಾಲಿ ಬಿಡಿ.

ಪ್ರಶ್ನೆ: ನಮ್ಮ ಮ್ಯಾನೇಜರ್ ಸತತ ಮೂರು ಸಲ ಒನ್ ಟು ಒನ್ ಕ್ಯಾನ್ಸಲ್ ಮಾಡಿದರು. ಪ್ರತಿ ಸಲವೂ ಅರ್ಧ ಗಂಟೆ ಮುಂಚೆ. ನಾನು ತಯಾರಾಗಿ ಕಾಯುವುದು ವ್ಯರ್ಥ ಅನಿಸುತ್ತಿದೆ.

ಉತ್ತರ: ಬೇಜಾರಾಗುವುದು ಸಹಜ. ಬರೆದಿಟ್ಟ ಪುಟ ಮಾತ್ರ ವ್ಯರ್ಥವಾಗುವುದಿಲ್ಲ, ಅದನ್ನು ಕಳಿಸಿಬಿಡಿ. "ಇವತ್ತು ಮಾತಾಡಬೇಕಿದ್ದದ್ದು ಈ ಮೂರು. ಎರಡನೆಯದಕ್ಕೆ ಗುರುವಾರದೊಳಗೆ ನಿಮ್ಮ ತೀರ್ಮಾನ ಬೇಕು, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ" ಅಂತ. ಜೊತೆಗೆ ಇನ್ನೊಂದು ಸಾಲು: "ಮುಂದೆ ಆಗದಿದ್ದರೆ ಕ್ಯಾನ್ಸಲ್ ಬದಲು ಅದೇ ವಾರ ಬೇರೆ ದಿನಕ್ಕೆ ಹಾಕೋಣವಾ?" ದಿನವನ್ನೂ ನೀವೇ ಸೂಚಿಸಿ. ಕ್ಯಾಲೆಂಡರ್‌ನಲ್ಲಿ ಅವರಿಗೆ ಯಾವ ಹೊತ್ತು ಸದಾ ಗಿಜಿಗುಡುತ್ತದೆ ಅಂತ ನೋಡಿ, ಅದನ್ನು ತಪ್ಪಿಸಿ. ಬೆಳಗಿನ ಮೊದಲ ಮೀಟಿಂಗ್ ಸಾಮಾನ್ಯವಾಗಿ ಉಳಿಯುತ್ತದೆ, ಸಂಜೆಯದು ಬೀಳುತ್ತದೆ.

ಇಷ್ಟಾದರೂ ನಾಲ್ಕನೇ ಸಲ ಕ್ಯಾನ್ಸಲ್ ಆದರೆ, ಮುಂದೆ ಸಿಕ್ಕಾಗ ಅದನ್ನೇ ಮೊದಲ ವಿಷಯ ಮಾಡಿ. ಸಿಟ್ಟಿಲ್ಲದೆ, ಆದರೆ ಸ್ಪಷ್ಟವಾಗಿ.

ಪ್ರಶ್ನೆ: ನಾನು ಮಾಡಿದ ಕೆಲಸವನ್ನು ನಮ್ಮ ತಂಡದ ಇನ್ನೊಬ್ಬರು ತಮ್ಮದು ಎಂಬಂತೆ ದೊಡ್ಡ ಮೀಟಿಂಗ್‌ನಲ್ಲಿ ತೋರಿಸಿದರು. ಇದು ಎರಡನೇ ಸಲ. ಒನ್ ಟು ಒನ್‌ನಲ್ಲಿ ಹೇಳಬೇಕು ಅಂತಿದ್ದೇನೆ. ಚಾಡಿ ಹೇಳಿದ ಹಾಗಾಗುತ್ತದಾ ಎಂಬ ಅಳುಕು. ಅಳು ಬಂದುಬಿಟ್ಟರೆ ಎಂಬ ಭಯ ಬೇರೆ.

ಉತ್ತರ: ಹೇಳಿ. ಎರಡು ಸಲ ಆಗಿದೆ ಅಂದರೆ ಮೂರನೇ ಸಲವೂ ಆಗಬಹುದು. ಒಂದೇ ಸಲ ಆಗಿದ್ದರೆ ಮೊದಲು ಆ ಸಹೋದ್ಯೋಗಿಯ ಹತ್ತಿರವೇ ಮಾತಾಡಿ ಅನ್ನುತ್ತಿದ್ದೆ. ಈಗಲೂ ನಿಮಗೆ ಧೈರ್ಯವಿದ್ದರೆ ಅದನ್ನು ಮಾಡಬಹುದು.

ಹೇಳುವ ಮುಂಚೆ ಹಾಳೆಯನ್ನು ಮಡಚಿ. ಈ ಸಲ ಎಡಗಡೆ ಕ್ಯಾಮೆರಾ ಇಟ್ಟಿದ್ದರೆ ಅದರಲ್ಲಿ ಏನು ಕಾಣುತ್ತಿತ್ತೋ ಅದನ್ನು ಮಾತ್ರ ಬರೆಯಿರಿ. ಯಾವ ದಿನ, ಯಾವ ಮೀಟಿಂಗ್, ಯಾವ ಸ್ಲೈಡ್, ಅವರು ಆಡಿದ ಮಾತು. ಬಲಗಡೆ ನೀವು ಊಹಿಸಿದ್ದು. "ಬೇಕಂತಲೇ ಮಾಡಿದರು", "ನನ್ನನ್ನು ತುಳಿಯಬೇಕು ಅಂತ ಇದ್ದಾರೆ", ಇವೆಲ್ಲ ಬಲಗಡೆಗೆ. ಮನಸ್ಸು ಬಿಚ್ಚಿ ಬರೆಯಿರಿ, ಅದನ್ನು ನೀವೊಬ್ಬರೇ ಓದುವುದು. ಆಮೇಲೆ ಬಲಗಡೆಯ ಅರ್ಧವನ್ನು ಹರಿದು ಮನೆಯಲ್ಲೇ ಬಿಟ್ಟುಹೋಗಿ. ಮೀಟಿಂಗ್‌ಗೆ ಎಡಗಡೆಯದು ಮಾತ್ರ ಬರಲಿ. "ಯಾವಾಗಲೂ", "ಯಾರೂ", "ಪ್ರತಿ ಸಲ" ಅನ್ನುವ ಪದಗಳು ಎಡಗಡೆ ನುಸುಳಿದ್ದರೆ ಹೊಡೆದುಹಾಕಿ. ಎರಡು ಸಲ ಆಗಿದ್ದರೆ ಎರಡು ಸಲ ಅನ್ನಿ. "ಪ್ರತಿ ಸಲ" ಅಂದ ತಕ್ಷಣ ಎದುರಿನವರು ಆಗದೇ ಇದ್ದ ಸಲವನ್ನು ಹುಡುಕಲು ಶುರು ಮಾಡುತ್ತಾರೆ.

ಹೇಳುವ ಕ್ರಮ ಹೀಗಿರಲಿ. ಎಲ್ಲಿ, ಯಾವಾಗ. ಏನು ಕಂಡಿತು. ಅದರಿಂದ ನಿಮಗೂ ಕೆಲಸಕ್ಕೂ ಏನಾಯಿತು. ಕೊನೆಗೆ ಏನು ಬೇಕು. "ಹೋದ ಬುಧವಾರದ ರಿವ್ಯೂನಲ್ಲಿ ಆ ಡ್ಯಾಶ್‌ಬೋರ್ಡ್ ತೋರಿಸುವಾಗ ನನ್ನ ಹೆಸರು ಬರಲಿಲ್ಲ. ಆಮೇಲೆ ಬಂದ ಪ್ರಶ್ನೆಗಳೆಲ್ಲ ಅವರಿಗೆ ಹೋದವು, ಎರಡಕ್ಕೆ ತಪ್ಪು ಉತ್ತರ ಹೋಯಿತು. ಮುಂದಿನ ಸಲ ನನ್ನ ಭಾಗವನ್ನು ನಾನೇ ತೋರಿಸಬಹುದಾ?" ಇಲ್ಲಿ ಚಾಡಿ ಎಲ್ಲಿದೆ? ನಡೆದದ್ದು ಇದೆ, ಬೇಕಾದದ್ದು ಇದೆ.

ಅಳು ಬಂದರೆ ಬರಲಿ. ನನ್ನೆದುರು ಎಷ್ಟೋ ಜನ ಅತ್ತಿದ್ದಾರೆ, ಅವರ ಬಗ್ಗೆ ನನ್ನ ಗೌರವ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. "ಎರಡು ನಿಮಿಷ ಕೊಡಿ" ಅನ್ನಿ. ಕೈಯಲ್ಲಿ ಹಾಳೆ ಇದ್ದರೆ ಬಿಟ್ಟ ಕಡೆಯಿಂದ ಓದಬಹುದು. ಬರೆದುಕೊಂಡು ಹೋಗಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಒಂದು ಎಚ್ಚರಿಕೆ. ನಿಮ್ಮದು ಕೆಲಸದ ಶ್ರೇಯದ ವಿಷಯ, ಅದು ಒನ್ ಟು ಒನ್‌ಗೆ ಸರಿ. ಯಾರಾದರೂ ಕಿರುಕುಳ ಕೊಡುತ್ತಿದ್ದರೆ, ಬೆದರಿಸುತ್ತಿದ್ದರೆ, ಅದನ್ನು ಈ ಅರ್ಧ ಗಂಟೆಯಲ್ಲಿ ಬಾಯಿಮಾತಿನಲ್ಲಿ ಮುಗಿಸಬೇಡಿ. ಬರವಣಿಗೆಯಲ್ಲಿ, ದೂರು ಕೊಡುವ ಜಾಗದಲ್ಲೇ ಕೊಡಿ. ಮ್ಯಾನೇಜರ್ ಹತ್ತಿರ ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಕೆಲವನ್ನು ಅವರು ಮೇಲಿನವರಿಗೆ ತಿಳಿಸಲೇಬೇಕಾಗುತ್ತದೆ. "ಇದು ನಮ್ಮಿಬ್ಬರಲ್ಲೇ ಇರುತ್ತದಾ?" ಅಂತ ಹೇಳುವ ಮುಂಚೆ ಕೇಳಿ. ಹೇಳಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ನನ್ನ ಮ್ಯಾನೇಜರ್ ಬೇರೆ ದೇಶದಲ್ಲಿದ್ದಾರೆ. ವಿಡಿಯೊ ಕಾಲ್‌ನಲ್ಲೇ ಎಲ್ಲ. ಅವರು ಟೈಪ್ ಮಾಡುತ್ತಾ ಇರುತ್ತಾರೆ, ಕೇಳಿಸಿಕೊಳ್ಳುತ್ತಿದ್ದಾರಾ ಅಂತಲೇ ಗೊತ್ತಾಗುವುದಿಲ್ಲ.

ಉತ್ತರ: ಅವರು ನಿಮ್ಮ ಮಾತನ್ನೇ ಟೈಪ್ ಮಾಡಿಕೊಳ್ಳುತ್ತಿರಬಹುದು. ಊಹೆ ಬೇಡ, ನೀವೇ ಮೊದಲು ಹೇಳಿ: "ನಾನು ನೋಟ್ಸ್ ಬರೆದುಕೊಳ್ಳುತ್ತಿರುತ್ತೇನೆ, ಕೀಬೋರ್ಡ್ ಶಬ್ದ ಕೇಳಿದರೆ ಅದೇ." ಅವರೂ ಹೇಳುತ್ತಾರೆ. ಇದಕ್ಕಿಂತ ಒಳ್ಳೆಯದು ಇಬ್ಬರಿಗೂ ಕಾಣುವ ಒಂದೇ ಡಾಕ್ಯುಮೆಂಟ್. ನಿಮ್ಮ ಮೂರು ವಿಷಯ ಅದರಲ್ಲಿರಲಿ, ಅವರು ಬರೆಯುವುದು ನಿಮಗೂ ಕಾಣಲಿ. ನಿಮ್ಮ ಟಿಪ್ಪಣಿಯ ವಿಂಡೋವನ್ನು ಕ್ಯಾಮೆರಾದ ಹತ್ತಿರಕ್ಕೆ ಎಳೆದುಕೊಳ್ಳಿ, ಓದುವಾಗಲೂ ಮುಖ ಎದುರಿಗೇ ಇರುತ್ತದೆ. ಒಬ್ಬರಿಗೆ ಬೆಳಗ್ಗೆ, ಇನ್ನೊಬ್ಬರಿಗೆ ರಾತ್ರಿಯಾದರೆ ಹೊತ್ತನ್ನು ಆಗಾಗ ಅದಲುಬದಲು ಮಾಡಿಕೊಳ್ಳಿ. ಸದಾ ನೀವೇ ರಾತ್ರಿ 10ಕ್ಕೆ ಕೂತರೆ ನಿಮ್ಮ ಮೂರನೇ ವಿಷಯ ಯಾವತ್ತೂ ಹೊರಗೆ ಬರುವುದಿಲ್ಲ. ಅಷ್ಟು ಹೊತ್ತಿಗೆ ಮಲಗಿದರೆ ಸಾಕು ಅನಿಸಿರುತ್ತದೆ.

ಪ್ರಶ್ನೆ: ಮೇಡಂ, ಹಿಂದೆ ಒಮ್ಮೆ ನಿಮಗೆ ಬರೆದಿದ್ದೆ. ನೀವು ಹೇಳಿದ ಹಾಗೆ ಪ್ರಮೋಷನ್ ವಿಷಯವನ್ನು ಮೊದಲೇ ಎತ್ತಿದೆ. ಅವರು "ನೋಡೋಣ" ಅಂದರು. ಮುಂದಿನ ಸಲವೂ "ನೋಡೋಣ". ಮೊನ್ನೆಯೂ ಅದೇ. ಇನ್ನೂ ಕೇಳಬೇಕಾ, ಬಿಟ್ಟುಬಿಡಬೇಕಾ?

ಉತ್ತರ: ನಿಮ್ಮ ಹಿಂದಿನ ಪತ್ರ ನನ್ನ ಹತ್ತಿರ ಇದೆ. ತೆಗೆದು ಓದಿದೆ. ಮೂರು ಸಲ ಧೈರ್ಯ ಮಾಡಿ ಕೇಳಿದ್ದೀರಿ. ಅದಕ್ಕೆ ಸರಿಯಾದ ಉತ್ತರ ಸಿಗಬೇಕು, ಅದು "ಇಲ್ಲ" ಎಂಬ ಉತ್ತರವಾದರೂ ಸರಿ.

"ನೋಡೋಣ" ಅಂದಾಗ ಎಷ್ಟೋ ಸಲ ಅವರಿಗೂ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ತೀರ್ಮಾನ ಅವರ ಕೈಯಲ್ಲಿ ಇಲ್ಲದೇ ಇರಬಹುದು. ಹಾಗಾಗಿ "ಸಿಗುತ್ತದಾ?" ಅಂತ ಮತ್ತೆ ಕೇಳಬೇಡಿ. ಅವರು ಉತ್ತರ ಕೊಡಬಲ್ಲ ಪ್ರಶ್ನೆಗಳನ್ನು ಕೇಳಿ. ಇದನ್ನು ಯಾರು ತೀರ್ಮಾನಿಸುತ್ತಾರೆ? ಮುಂದಿನ ಸಲ ಆ ತೀರ್ಮಾನ ಯಾವ ತಿಂಗಳಲ್ಲಿ ಆಗುತ್ತದೆ? ಅವರ ಮುಂದೆ ನನ್ನ ಬಗ್ಗೆ ಹೇಳಬೇಕಾದರೆ ಇವತ್ತು ನಿಮ್ಮ ಹತ್ತಿರ ಏನಿದೆ, ಏನಿಲ್ಲ? ಕೊನೆಯ ಪ್ರಶ್ನೆ ಕೇಳಿ ಸುಮ್ಮನಾಗಿ. ಐದರವರೆಗೆ ಎಣಿಸಿ.

ಉತ್ತರ ಏನೇ ಬರಲಿ, ಅದೇ ದಿನ ಸಂಜೆಯೊಳಗೆ ನಾಲ್ಕು ಸಾಲು ಬರೆದು ಕಳಿಸಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಇವತ್ತು ಮಾತಾಡಿದ್ದಕ್ಕೆ ಧನ್ಯವಾದ. ನನಗೆ ಅರ್ಥವಾದದ್ದು: ಇನ್ನೊಂದು ತಂಡದ ಜೊತೆಗಿನ ಕೆಲಸವನ್ನು ನಾನೊಬ್ಬಳೇ ನಡೆಸಿ ತೋರಿಸಿದರೆ ಹೆಸರು ಮುಂದೆ ಹೋಗುತ್ತದೆ. ಅಂಥ ಕೆಲಸ ಯಾವುದು ಅಂತ ನೀವು 15ರೊಳಗೆ ಹೇಳುತ್ತೀರಿ. ನನ್ನ ಕಡೆಯಿಂದ ಈ ವರ್ಷ ಮಾಡಿದ್ದರ ಒಂದು ಪುಟ ಶುಕ್ರವಾರ ಕಳಿಸುತ್ತೇನೆ. ತಪ್ಪಾಗಿ ತಿಳಿದಿದ್ದರೆ ತಿದ್ದಿ."

ಆ ಒಂದು ಪುಟವನ್ನು ಶುಕ್ರವಾರ ಖಂಡಿತ ಕಳಿಸಿ. ತಡವಾದರೆ ಅವರಿಗೂ ತಡ ಮಾಡಲು ನೆಪ ಸಿಗುತ್ತದೆ. 16ಕ್ಕೂ ಏನೂ ಬರದಿದ್ದರೆ, ಇದೇ ಸಾಲುಗಳ ಕೆಳಗೆ "ಯಾವುದು ಅಂತ ತಿಳಿಯಿತಾ?" ಅಂತ ಒಂದು ಸಾಲು ಸೇರಿಸಿ ಮತ್ತೆ ಕಳಿಸಿ. ಅದಕ್ಕೂ "ನೋಡೋಣ" ಅಂತಲೇ ಬಂದರೆ ನನಗೆ ಬರೆಯಿರಿ. ಆಗ ಮಾತಾಡಬೇಕಾದ ವಿಷಯ ಬೇರೆಯೇ ಇರುತ್ತದೆ, ಅದಕ್ಕೂ ಜೊತೆಗೆ ಕೂತು ತಯಾರಿ ಮಾಡೋಣ.